‘ಡೌನ್ ಇನ್ ದ ಮೌತ್’: ಬಾಯಿಗೆ ಏನಾಗಿದೆ?

ಪ್ರಶ್ನೆ: ಮಗಳ ಜೊತೆ ಇಂಗ್ಲಿಷ್ ಕತೆ ಓದುತ್ತಿದ್ದೆ. ಅದರಲ್ಲಿ ಒಬ್ಬ ಹುಡುಗ ‘ಡೌನ್ ಇನ್ ದ ಮೌತ್’ ಆಗಿದ್ದ ಅಂತ ಬಂತು. ಬಾಯಿಹುಣ್ಣು ಇರಬೇಕು ಅಂದುಕೊಂಡೆವು. ಮುಂದೆ ಓದಿದರೆ ಹುಣ್ಣಿನ ಸುದ್ದಿಯೇ ಇಲ್ಲ. ಏನಿದರ ಅರ್ಥ? ಎಲ್ಲಿಂದ ಬಂತು?
– ಓದುಗರು, ತಿಪಟೂರು

ಉತ್ತರ: ಹುಡುಗನಿಗೆ ಬೇಜಾರಾಗಿದೆ, ಅಷ್ಟೇ. ಮನಸ್ಸು ಕುಗ್ಗಿದಾಗ ತುಟಿಯ ಎರಡೂ ತುದಿ ಕೆಳಗೆ ಇಳಿಯುತ್ತವೆ ಅಲ್ವಾ, ಈ ಮಾತು ಹುಟ್ಟಿದ್ದು ಅದನ್ನು ನೋಡಿಯೇ. 17ನೇ ಶತಮಾನದಿಂದಲೂ ಇಂಗ್ಲಿಷ್ ಬರಹದಲ್ಲಿ ಸಿಗುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ ಚಾರ್ಲ್ಸ್ ಡಾರ್ವಿನ್ ಬರೆದದ್ದು. ಮನುಷ್ಯರು, ಪ್ರಾಣಿಗಳು ಭಾವನೆಗಳನ್ನು ಹೇಗೆ ತೋರಿಸುತ್ತವೆ ಅನ್ನುವುದರ ಬಗ್ಗೆ 1872ರಲ್ಲಿ ಅವರ ಒಂದು ಪುಸ್ತಕ ಬಂತು. ಬಾಯಿಯ ಮೂಲೆಯನ್ನು ಕೆಳಕ್ಕೆ ಎಳೆಯುವ ಸ್ನಾಯುವಿನ ಬಗ್ಗೆ ಹೇಳುತ್ತಾ ಇದೇ ನುಡಿಗಟ್ಟನ್ನು ಅವರು ನೆನೆಯುತ್ತಾರೆ. ಒಮ್ಮೆ ರೈಲಿನಲ್ಲಿ ಅವರ ಎದುರಿಗೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಮುಖ ಶಾಂತವಾಗಿಯೇ ಇತ್ತು, ಆದರೆ ಬಾಯಿಯ ಮೂಲೆಗಳು ಮಾತ್ರ ಸ್ವಲ್ಪ ಇಳಿದಿದ್ದವು. ಇದಕ್ಕೇನೂ ಅರ್ಥ ಇರಲಿಕ್ಕಿಲ್ಲ, ಸುಮ್ನೆ ಹಾಗಾಗಿದೆ ಅಂತ ಡಾರ್ವಿನ್ ಅಂದುಕೊಳ್ಳುವಷ್ಟರಲ್ಲೇ ಆಕೆಯ ಕಣ್ಣು ತುಂಬಿ ಬಂತು, ಇನ್ನೇನು ಹರಿದೇ ಬಿಡುತ್ತದೆ ಅನ್ನುವ ಹಾಗೆ. ಬಹುಶಃ ಎಂದೋ ಕಳೆದುಕೊಂಡ ಮಗುವಿನ ನೆನಪಾಗಿರಬಹುದು ಅಂತ ಅವರು ಊಹಿಸುತ್ತಾರೆ. ನೋಡಿ, ಕಣ್ಣೀರಿಗಿಂತ ಮೊದಲೇ ಬಾಯಿ ಸುಳಿವು ಕೊಟ್ಟಿತ್ತು.

ಇನ್ನು ಕನ್ನಡದಲ್ಲಿ ಏನನ್ನಬೇಕು? ‘ಬಾಯಿ ಕೆಳಗಾಗಿದ್ದ’ ಅಂತ ದಯವಿಟ್ಟು ಬರೆಯಬೇಡಿ, ಯಾರಿಗೂ ಅರ್ಥವಾಗುವುದಿಲ್ಲ. ‘ಮುಖ ಊದಿಸಿಕೊಂಡಿದ್ದ’ ಅಂದರೂ ತಪ್ಪಾಗುತ್ತದೆ, ಅದರಲ್ಲಿ ದುಃಖಕ್ಕಿಂತ ಸಿಟ್ಟೇ ಜಾಸ್ತಿ. ‘ಮುಖ ಬಾಡಿತ್ತು’ ಚೆನ್ನಾಗಿದೆ, ಬಿಸಿಲಿಗೆ ಸಿಕ್ಕ ಹೂವಿನ ಹಾಗೆ. ಅಂದಹಾಗೆ, ಇಂಗ್ಲಿಷಿನವರು ಬೇಜಾರಾದಾಗ ‘ಲಾಂಗ್ ಫೇಸ್’ ಅಂತ ಮುಖವನ್ನು ಉದ್ದ ಮಾಡುತ್ತಾರೆ, ನಾವು ‘ಮುಖ ಸಣ್ಣದು ಮಾಡಿಕೊಂಡ’ ಅನ್ನುತ್ತೇವೆ. ಎರಡೂ ಒಂದೇ ನೋವು.

ನೀವು ಕೇಳಿದ ಮಾತಿಗೆ ಹತ್ತಿರದ್ದು ಜೋಲು ಮೋರೆ. ಅದರಲ್ಲೂ ಏನೋ ಕೆಳಗೆ ಜೋತುಬಿದ್ದಿದೆ. ಹುಡುಗ ಜೋಲು ಮೋರೆ ಹಾಕಿಕೊಂಡು ಕೂತಿದ್ದ ಅಂತ ಮಗಳಿಗೆ ಓದಿ ಹೇಳಿ, ಅವಳಿಗೆ ಥಟ್ಟನೆ ಗೊತ್ತಾಗುತ್ತದೆ.