ಗೇಜ್ ಸರಿಯಿದೆ ಅನ್ನುತ್ತದೆ, ಟಕಟಕ ಮಾತ್ರ ನಿಲ್ಲುವುದಿಲ್ಲ

ಪ್ರಶ್ನೆ: ನನ್ನದು ಹಳೆಯ ಬೈಕ್. ರಾಕರ್‌ನ (ವಾಲ್ವನ್ನು ಒತ್ತಿ ತೆರೆಯುವ ತೋಳು) ವಾಲ್ವ್ ಕಡೆಯ ತುದಿಯಲ್ಲಿ ಸ್ಕ್ರೂ ಮತ್ತು ಲಾಕ್ ನಟ್ ಇರುವ ಇಂಜಿನ್. ಇಂಜಿನ್ ತಣ್ಣಗಿದ್ದಾಗ, ಕೈಪಿಡಿಯಲ್ಲಿ ಹೇಳಿದ ಹಾಗೆ ಟ್ಯಾಪೆಟ್ ಗ್ಯಾಪ್ (ಸ್ಕ್ರೂ ತುದಿಗೂ ವಾಲ್ವ್‌ಗೂ ನಡುವಿನ ಸಂದು) 0.10 ಮಿ.ಮೀ.ಗೆ ಸೆಟ್ ಮಾಡಿದ್ದೇನೆ. ಆದರೂ ಟಕಟಕ ಸದ್ದು ಹೋಗಿಲ್ಲ. ಇನ್ನೂ ಸ್ವಲ್ಪ ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ. ಹಾಗೇ ಓಡಿಸಬಹುದಾ ಸರ್? ಮೆಕ್ಯಾನಿಕ್ ಸಿಲಿಂಡರ್ ಹೆಡ್ (ಇಂಜಿನ್‌ನ ಮೇಲ್ಭಾಗ) ಇಳಿಸಬೇಕು ಅನ್ನುತ್ತಿದ್ದಾರೆ.

ಉತ್ತರ: ಬಿಗಿ ಮಾಡಿ ಓಡಿಸಬೇಡಿ. ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಬಿಗಿ ಟ್ಯಾಪೆಟ್ ಇಂಜಿನ್‌ಗೆ ಅಪಾಯ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದು ಹೆಚ್ಚಾಗಿ ಸೀಟ್ (ವಾಲ್ವ್ ಮುಚ್ಚಿ ಕೂರುವ ಉಂಗುರ) ಮೇಲೆ ಕೂತಾಗಲೇ. ಗ್ಯಾಪ್ ಇಲ್ಲದಿದ್ದರೆ ಅದು ಪೂರ್ತಿ ಕೂರುವುದೇ ಇಲ್ಲ. ಕಂಪ್ರೆಷನ್ ಸೋರುತ್ತದೆ, ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಟ್ಟು ಹೋಗುತ್ತದೆ. ಆಮೇಲೆ ನಿಜವಾಗಿಯೂ ಹೆಡ್ ಇಳಿಸಬೇಕಾಗುತ್ತದೆ.

ನಿಮ್ಮ ಕೆಲಸದಲ್ಲಿ ತಪ್ಪು ಇರಲಿಕ್ಕಿಲ್ಲ. ನನ್ನ ಅನುಮಾನ ಸ್ಕ್ರೂ ತುದಿಯ ಮೇಲೆ. ಅದು ವಾಲ್ವ್ ಕಾಂಡದ ಮೇಲ್ತುದಿಯನ್ನು ಬಡಿದು ಬಡಿದು, ಕಾಲ ಕಳೆದಂತೆ ಎರಡರಲ್ಲಿ ಒಂದು ಮುಖಕ್ಕೆ ಸಣ್ಣ ಗುಳಿ ಬೀಳುತ್ತದೆ. ಸಂದು ಅಳೆಯುವ ಫೀಲರ್ ಗೇಜ್‌ನ ಉಕ್ಕಿನ ಎಲೆ ಚಪ್ಪಟೆ. ಹಳ್ಳದ ಮೇಲೆ ಹಲಗೆ ಹಾಕಿದ ಹಾಗೆ ಅದು ಗುಳಿಯ ಅಂಚುಗಳ ಮೇಲೆ ಕೂರುತ್ತದೆ, ಒಳಕ್ಕೆ ಇಳಿಯುವುದಿಲ್ಲ. ಗುಳಿಯ ಆಳವೂ 0.10 ಇದ್ದರೆ, ಗೇಜ್ 0.10 ತೋರಿಸಿದಾಗ ನಿಜವಾದ ಗ್ಯಾಪ್ 0.20 ಆಗಿರುತ್ತದೆ. ಸದ್ದು ಬರದೆ ಇರುತ್ತದಾ?

ನಾನಂತೂ ಗೇಜ್ ಕೈಗೆ ತಗೊಳ್ಳುವ ಮೊದಲು ಈ ಮುಖಗಳನ್ನೇ ನೋಡುತ್ತೇನೆ. ಸ್ಕ್ರೂ ಬಿಚ್ಚಿ, ಎಣ್ಣೆ ಒರೆಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಚೆನ್ನಾಗಿರುವ ತುದಿ ಒಂದೇ ಸಮ ಹೊಳೆಯುತ್ತದೆ. ಸವೆದ ತುದಿಯಲ್ಲಿ ನಡುವೆ ಒಂದು ವೃತ್ತ, ಸುತ್ತ ಏಣು ಕಾಣುತ್ತದೆ. ಉಗುರು ಎಳೆದರೆ ಆ ಏಣಿಗೆ ತಟ್ಟನೆ ಸಿಕ್ಕಿಕೊಳ್ಳುತ್ತದೆ. ಉಗುರಿಗೆ ಸಿಕ್ಕಿತು ಅಂದರೆ ಸ್ಕ್ರೂ ಬದಲಾಯಿಸಿ, ಯೋಚನೆ ಬೇಡ.

ಉಜ್ಜಿ ಮಟ್ಟ ಮಾಡೋಣ ಅಂತ ಅನ್ನಿಸುವುದು ಸಹಜ. ಮಾಡಬೇಡಿ. ಈ ತುದಿಗಳ ಗಟ್ಟಿತನ ಹೆಚ್ಚಾಗಿ ಮೇಲಿನ ತೆಳು ಪದರದಲ್ಲಿ ಮಾತ್ರ ಇರುತ್ತದೆ. ಅದನ್ನು ಉಜ್ಜಿ ತೆಗೆದರೆ ಒಳಗಿನ ಮೆತ್ತನೆ ಉಕ್ಕು ಬಲು ಬೇಗ ಸವೆಯುತ್ತದೆ. ಹೊಸ ಸ್ಕ್ರೂ ಜೊತೆ ಹೊಸ ಲಾಕ್ ನಟ್ಟನ್ನೂ ಹಾಕಿ. ಹಳೆಯ ನಟ್‌ನ ಥ್ರೆಡ್ ಎಳೆದು ಹೋಗಿದ್ದರೆ ಹೊಸ ಸ್ಕ್ರೂ ಕೂಡ ನಿಲ್ಲುವುದಿಲ್ಲ.

ಹೆಡ್ ವಿಷಯಕ್ಕೆ ಬರೋಣ. ಕೆಲವು ಇಂಜಿನ್‌ಗಳಲ್ಲಿ ಸ್ಕ್ರೂ ಮೇಲಿನಿಂದಲೇ ಬಿಚ್ಚಿ ಬರುತ್ತದೆ. ತುದಿ ಅಗಲವಾಗಿದ್ದರೆ ರಾಕರ್ ತೆಗೆಯಬೇಕು. ಬರೀ ಇಷ್ಟಕ್ಕೆ ಹೆಡ್ ಇಳಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಗುಳಿ ವಾಲ್ವ್ ಕಾಂಡದ ಮೇಲ್ತುದಿಯಲ್ಲೇ ಇದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆಗ ಒಂದು ಎಚ್ಚರ ಬೇಕು: ಬಡಿತಕ್ಕೆ ಆ ಮೇಲ್ತುದಿ ಅಣಬೆಯಾಕಾರಕ್ಕೆ ಅಗಲವಾಗಿದ್ದರೆ, ಆ ಅಂಚನ್ನು ತೆಗೆಯದೆ ವಾಲ್ವನ್ನು ಕೆಳಕ್ಕೆ ಎಳೆಯಬಾರದು. ಎಳೆದರೆ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ಗೀರಿ ಹಾಳಾಗುತ್ತದೆ.

ರಾಕರ್ ಹೊರಗೆ ಬಂದರೆ ಅದರ ಶಾಫ್ಟನ್ನೂ ನೋಡಿ. ಕ್ಯಾಮ್ (ತಿರುಗುತ್ತಾ ರಾಕರನ್ನು ಎತ್ತುವ ಉಬ್ಬು) ಮತ್ತು ವಾಲ್ವ್ ಸ್ಪ್ರಿಂಗ್ ಎರಡೂ ರಾಕರನ್ನು ಮೇಲಕ್ಕೆ ಒತ್ತುವುದರಿಂದ ಶಾಫ್ಟ್‌ನ ಕೆಳಭಾಗ ಜಾಸ್ತಿ ಸವೆಯುತ್ತದೆ. ಮೇಲಿನಿಂದ ಮಾತ್ರ ನೋಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ. ಎಣ್ಣೆ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ. ಅದು ಕಟ್ಟಿದ್ದರೆ ಹೊಸ ಭಾಗಗಳೂ ಹೀಗೇ ಸವೆಯುತ್ತವೆ. ರಾಕರ್‌ಗಳು ಯಾವ ಜಾಗದಿಂದ ಬಂದವೋ ಅದೇ ಜಾಗಕ್ಕೆ ಹೋಗಬೇಕು.

ಹೊಸ ಸ್ಕ್ರೂ ಸಿಗುವವರೆಗೆ ಗೇಜ್ ಇಲ್ಲದೆಯೇ ಸೆಟ್ ಮಾಡುವ ದಾರಿ ಒಂದಿದೆ. ಪಿಸ್ಟನ್ ಕಂಪ್ರೆಷನ್‌ನ ಮೇಲ್ತುದಿಯಲ್ಲಿರಲಿ (ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ). ಸ್ಕ್ರೂವನ್ನು ಬೆರಳಲ್ಲೇ ತಿರುಗಿಸಿ, ವಾಲ್ವ್‌ಗೆ ತಾಗುವಲ್ಲಿ ನಿಲ್ಲಿಸಿ. ಅದು ಸೊನ್ನೆ ಗ್ಯಾಪ್. ಅಲ್ಲಿಂದ ಹಿಂದಕ್ಕೆ ತಿರುಗಿಸಿ. ಥ್ರೆಡ್ ಪಿಚ್ 0.75 ಮಿ.ಮೀ. ಇದ್ದರೆ ಒಂದು ಸುತ್ತಿಗೆ 0.75 ಮಿ.ಮೀ. ಸರಿಯುತ್ತದೆ. ಅಂದರೆ 0.10ಕ್ಕೆ 48 ಡಿಗ್ರಿ. ಪಿಚ್ 1 ಮಿ.ಮೀ. ಇದ್ದರೆ 36 ಡಿಗ್ರಿ. ಗುಳಿ ಇದ್ದರೂ ಈ ಲೆಕ್ಕ ಕೆಡುವುದಿಲ್ಲ. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗದ ಹಾಗೆ ಹಿಡಿದುಕೊಳ್ಳಿ, ಬಿಗಿಯಾದ ಮೇಲೆ ರಾಕರನ್ನು ಅಲ್ಲಾಡಿಸಿ ಸಣ್ಣ ಆಟ ಇದೆಯಾ ನೋಡಿ. ಸ್ಕ್ರೂ ಪುಶ್ ರಾಡ್ (ಕ್ಯಾಮ್‌ನ ತಳ್ಳುವಿಕೆಯನ್ನು ರಾಕರ್‌ಗೆ ಒಯ್ಯುವ ಕಡ್ಡಿ) ಕಡೆ ಇರುವ ಇಂಜಿನ್‌ಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ, ರಾಕರ್ ಅನುಪಾತವನ್ನೂ (ಅದರ ಎರಡು ಕಡೆಯ ಉದ್ದಗಳ ಅನುಪಾತ) ಸೇರಿಸಬೇಕು.

ಪ್ರಶ್ನೆ: ನನ್ನ ಹಳೆಯ ಕಾರಿನಲ್ಲಿ ವಾಲ್ವ್ ಮೇಲಿನ ಬಕೆಟ್ (ಬೋರಲು ಬಟ್ಟಲು) ಮೇಲೆ ಶಿಮ್ (ಗ್ಯಾಪ್ ಹೊಂದಿಸುವ ತೆಳು ಬಿಲ್ಲೆ) ಇದೆ. ಸದ್ದೇನೂ ಇಲ್ಲ. ಸುಮ್ನೆ ಯಾಕೆ ಬಿಚ್ಚಬೇಕು?

ಉತ್ತರ: ಸದ್ದಿಲ್ಲ ಅಂತಲೇ ನೋಡಬೇಕು. ಈ ಥರದ ಇಂಜಿನ್‌ಗಳಲ್ಲಿ ಸೀಟ್ ಸವೆದು ವಾಲ್ವ್ ಮೇಲಕ್ಕೆ ಬರುತ್ತಾ ಗ್ಯಾಪ್ ಕಡಿಮೆಯಾಗುವುದೇ ಹೆಚ್ಚು. ಸೀಸ ಬೆರೆಸಿದ ಪೆಟ್ರೋಲ್‌ಗೆಂದು ಮಾಡಿದ ಮೆತ್ತನೆ ಸೀಟ್‌ಗಳಿದ್ದರೆ ಇನ್ನೂ ಬೇಗ. ಲೆಕ್ಕ ಸುಲಭ: ಹಳೆಯ ಶಿಮ್ ದಪ್ಪಕ್ಕೆ ಈಗಿನ ಗ್ಯಾಪ್ ಕೂಡಿಸಿ, ಬೇಕಾದ ಗ್ಯಾಪ್ ಕಳೆಯಿರಿ. 2.60 ಶಿಮ್, ಈಗಿನ ಗ್ಯಾಪ್ 0.10, ಬೇಕಾದದ್ದು 0.20 ಅಂದರೆ 2.50 ಶಿಮ್ ತನ್ನಿ. ಹಳೆಯ ಶಿಮ್ ಮೇಲೆ ಬರೆದ ಸಂಖ್ಯೆಯನ್ನು ನಂಬದೆ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ, ಅದೂ ಸವೆದಿರುತ್ತದೆ. ಹೊಸದನ್ನು ಸಂಖ್ಯೆ ಕೆಳಮುಖವಾಗಿ ಕೂರಿಸಿ. ಇಲ್ಲದಿದ್ದರೆ ಕ್ಯಾಮ್ ಉಜ್ಜಿ ಉಜ್ಜಿ ಅಳಿಸಿಬಿಡುತ್ತದೆ.