‘ವೇಟ್’ ಫೀಲ್ಡ್ ಬದಲಿಸಬಹುದಾ? – ಪ್ರತಿಕ್ರಿಯೆ

ಮಡಿಕೇರಿಯ ನಿಮ್ಮ ಕಾಫಿ ಖರೀದಿ ಆ್ಯಪ್‌ನ ಎಪಿಐನಲ್ಲಿ (ಆ್ಯಪ್ ಮತ್ತು ಸರ್ವರ್ ಡೇಟಾ ಕೊಟ್ಟು ತಗೊಳ್ಳುವ ದಾರಿ) ತೂಕ ಹೇಳುವ ‘ವೇಟ್’ ಫೀಲ್ಡ್ ಈಗ ಬರೀ ಸಂಖ್ಯೆ. ಸಂಖ್ಯೆಯ ಜೊತೆ ಅದು ಕೆಜಿಯೋ 50 ಕೆಜಿ ಮೂಟೆಯೋ ಎಂದೂ ಹೇಳುವ ಆಬ್ಜೆಕ್ಟ್ (ಹಲವು ಮಾಹಿತಿಯ ಗುಂಪು) ಆಗಿ ಅದನ್ನು ಬದಲಿಸಬಹುದಾ ಎಂದು ಕೇಳಿದ್ದೀರಿ. ಅದೇ ಹೆಸರಿನಲ್ಲಿ ಬೇಡ. ಹಳೆ ಆ್ಯಪ್ ಅಲ್ಲೇ ಮುಗ್ಗರಿಸುತ್ತದೆ. ಮಳೆಗಾಲದಲ್ಲಿ ಭಾಗಮಂಡಲದ ಕಡೆ ನೆಟ್‌ವರ್ಕ್ ಹೇಗಿರುತ್ತೆ ಗೊತ್ತಲ್ಲ, ಎಲ್ಲರೂ ಅಪ್‌ಡೇಟ್ ಮಾಡಿರಲ್ಲ.

‘ವೇಟ್’ ಕೆಜಿಯಲ್ಲೇ ಇರಲಿ. ಪಕ್ಕದಲ್ಲಿ ‘ಕ್ವಾಂಟಿಟಿ’ ಎಂಬ ಹೊಸ ಫೀಲ್ಡ್ ಸೇರಿಸಿ, ಎರಡನ್ನೂ ಕಳಿಸಿ. ಇಷ್ಟಕ್ಕೆ ಸುಮ್ನೆ ವಿ2 (ಎಪಿಐನ ಎರಡನೇ ಆವೃತ್ತಿ) ಯಾಕೆ? ಆದರೆ ಮೊದಲು ಹಳೆ ಆ್ಯಪ್‌ನ ಪಾರ್ಸರ್ (ಬಂದ ಡೇಟಾ ಓದುವ ಕೋಡ್) ಯಾವುದೆಂದು ನೋಡಿ. ಜೀಸನ್ (Gson) ಎಂಬ ಪಾರ್ಸರ್ ಗೊತ್ತಿಲ್ಲದ ಫೀಲ್ಡ್ ಬಿಟ್ಟು ಮುಂದೆ ಹೋಗುತ್ತದೆ. ಜಾಕ್ಸನ್ 2, ಸೆಟ್ಟಿಂಗ್ ಬದಲಿಸದಿದ್ದರೆ, ಎರರ್ ಕೊಡುತ್ತದೆ. ಹಾಗಿದ್ದರೆ ವಿ2 ಬೇಕೇ ಬೇಕು. ಆಗಲೂ ಡೇಟಾಬೇಸ್ ಒಂದೇ ಸಾಕು. ಹಳೆ ರೂಪಕ್ಕೆ ತಿರುಗಿಸುವ ಕೋಡ್ ಉತ್ತರ ಕಳಿಸುವ ಜಾಗದಲ್ಲಿರಲಿ. ಹಳೆ ಆ್ಯಪ್ ಕಳಿಸುವುದರಲ್ಲಿ ‘ಕ್ವಾಂಟಿಟಿ’ ಇರಲ್ಲ, ಅಲ್ಲಿನ ‘ವೇಟ್’ ಸಂಖ್ಯೆಯನ್ನು ಕೆಜಿ ಎಂದೇ ಓದಿ.