ತೋಟಕ್ಕೆ ಬರೋ ನರಿಗಳಿಂದ ನಾಯಿಗೆ, ಮಕ್ಕಳಿಗೆ ಲಾಡಿಹುಳು ಹರಡುತ್ತಾ? ನರಿ ಓಡಿಸೋದು ಹೇಗೆ?

ಮೂಡಿಗೆರೆ ಕಡೆ ತೋಟದವರೆಲ್ಲ ಕೇಳೋ ಪ್ರಶ್ನೆ, ಒಂದು ಕಾಲಕ್ಕೆ ನಾನೂ ಕೇಳಿದ್ದೆ. ನರಿ ಓಡಿಸೋ ಯೋಚನೆ ಮೊದಲು ಬಿಡಿ. ವಿಷ, ಉರುಳು ಇಡೋದಂತೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ನರಿ ಹಿಕ್ಕೆಗೆ ಬಾಯಿ ಹಾಕಿದರೂ ನಿಮ್ಮ ನಾಯಿಯ ಕರುಳಿಗೆ ಎಕಿನೊಕಾಕಸ್ ಅನ್ನೋ ಪುಟ್ಟ ಲಾಡಿಹುಳು ಹತ್ತಲ್ಲ. ನಾಯಿ, ನರಿ, ಭದ್ರಾ ಕಾಡಿನ ಸೀಳುನಾಯಿ, ಕಡೂರು ಬಯಲಿನ ತೋಳ, ಯಾವುದಕ್ಕೇ ಆಗಲಿ ಅದು ಬರೋದು ದನ-ಕುರಿಯ ನೀರುಗುಳ್ಳೆ (ಈ ಹುಳುವಿನ ಮರಿಗಳಿರೋ ಚೀಲ) ಇರೋ ಲಿವರ್, ಶ್ವಾಸಕೋಶ ತಿಂದಾಗ. ಗುಳ್ಳೆ ಕೊಯ್ದು ನೋಡಿ: ದಪ್ಪ ಬಿಳಿ ಪೊರೆ, ಒಳಗೆ ತಿಳಿನೀರು, ತಳದಲ್ಲಿ ಸಣ್ಣ ಮರಳಿನಂಥ ಕಣ. ಒಂದೊಂದು ಕಣವೂ ಒಂದೊಂದು ಹುಳು ಆಗಬಲ್ಲದು. ಮಾರಿಹಬ್ಬದ ದಿನ ಕೆಟ್ಟ ಲಿವರ್ ಅಂತ ತೋಟದಂಚಿಗೆ ಎಸೀತಾರಲ್ಲ, ಎಡವಟ್ಟೆಲ್ಲ ಅಲ್ಲೇ. ಹಗಲು ನಾಯಿ ತಿನ್ನುತ್ತೆ, ರಾತ್ರಿ ನರಿ ತಿನ್ನುತ್ತೆ. ಆರೇಳು ವಾರಕ್ಕೆ ಎರಡರ ಹಿಕ್ಕೆಯಲ್ಲೂ ಮೊಟ್ಟೆ. ಅದು ಹುಲ್ಲಿಂದ ದನ-ಕುರಿಗೆ, ಸೊಪ್ಪು ಮತ್ತು ಕೈಯಿಂದ ಮಕ್ಕಳ ಹೊಟ್ಟೆಗೆ. ಅಂದರೆ ಕಾಡಿಗೆ ಹುಳು ದಾಟಿಸೋರಲ್ಲಿ ನಾವೂ ಇದ್ದೀವಿ.

ಗುಳ್ಳೆ ಕಂಡ ಅಂಗವನ್ನ 40 ನಿಮಿಷ ಕುದಿಸಿ, ಇಲ್ಲವೇ ಸುಡಿ. ಹೂಳೋದಾದರೆ ಮೂರಡಿಗಿಂತ ಆಳ, ಮೇಲೆ ಕಲ್ಲು. ಇಲ್ಲದಿದ್ದರೆ ನರಿ ಕೆದರುತ್ತೆ.

ನಾಯಿಗೆ ಲಾಡಿಹುಳುವಿನ ಔಷಧಿ ಪ್ರಾಜಿಕ್ವಾಂಟೆಲ್, ಕೆಜಿ ತೂಕಕ್ಕೆ 5 ಮಿಲಿಗ್ರಾಂ. 20 ಕೆಜಿ ನಾಯಿಗೆ 100. ತೂಕ ಹಾಕಿಯೇ ಕೊಡಿ, ಅಂದಾಜು ಬೇಡ. ಪೈರಾಂಟೆಲ್ ಒಂದೇ ಇರೋ ಗುಳಿಗೆ ಈ ಹುಳುವಿಗೆ ನಾಟಲ್ಲ. ಹಸಿ ಅಂಗ ಸಿಗೋ ಕಡೆ ಆರು ವಾರಕ್ಕೊಮ್ಮೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ಕೊಟ್ಟರೆ ನಡುವೆ ಮೊಟ್ಟೆ ಬೀಳುತ್ತೆ. ಔಷಧಿ ಹುಳು ಕೊಲ್ಲುತ್ತೆ, ಮೊಟ್ಟೆ ಕೊಲ್ಲಲ್ಲ. ಹಾಗಾಗಿ ಎರಡು ದಿನ ಕಟ್ಟಿಹಾಕಿ, ಗ್ಲೌಸ್ ಹಾಕ್ಕೊಂಡು ಹಿಕ್ಕೆ ತೆಗೆದು ಸುಡಿ. ಫಿನಾಯಿಲ್ ನಂಬಬೇಡಿ, ಕುದಿಯೋ ನೀರು ಸುರೀರಿ. ಕಾಫಿ ಗಿಡದ ತಂಪು ನೆರಳಲ್ಲಿ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತೆ.

ನಾಯಿ ಹಿಂದೆ ಅಕ್ಕಿಕಾಳಿನಂಥದ್ದು ಕಂಡರೆ ಅದು ಹೆಚ್ಚಾಗಿ ಚಿಗಟದಿಂದ ಬರೋ ಬೇರೆ ಲಾಡಿಹುಳು. ಎಕಿನೊಕಾಕಸ್ ಇಡೀ ಹುಳುವೇ ಕೆಲವು ಮಿಲಿಮೀಟರ್, ಕಣ್ಣಿಗೆ ಬೀಳಲ್ಲ. ಕಂಡಿಲ್ಲ ಅಂತ ಗುಳಿಗೆ ನಿಲ್ಲಿಸಬೇಡಿ.

ಮೊಟ್ಟೆ ಹೊಟ್ಟೆಗೆ ಹೋದ ಮನುಷ್ಯರಲ್ಲೂ ಇದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ. ಬಲ ಪಕ್ಕೆ ಕೆಳಗೆ ಭಾರ, ನೋವು ಇದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಮನೇಲಿ ನಾಯಿ, ಕುರಿ ಇದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಗೊತ್ತಿಲ್ಲದೆ ಸೂಜಿ ಚುಚ್ಚಿ ನೀರು ಸೋರಿದರೆ ತೀವ್ರ ಅಲರ್ಜಿಯಾಗಿ ಜೀವಕ್ಕೇ ಅಪಾಯ.